ಕೈನಡುಕಕ್ಕೆ ಮದ್ದು ಹುಡುಕಿದ್ದು

ಗ್ಯಾಸ್‌ಲೈಟಿನ ಮ್ಯಾಂಟಲ್ ಎಂದರೆ ಈಗಿನ ಮಕ್ಕಳಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಅಂಗಡಿಯಿಂದ ತರುವಾಗ ಅದೊಂದು ಬಿಳಿ ನೂಲಿನ ಪುಟ್ಟ ಚೀಲ. ದೀಪದ ಬಾಯಿಗೆ ದಾರದಿಂದ ಕಟ್ಟಿ ಒಮ್ಮೆ ಸುಟ್ಟರೆ ನೂಲೆಲ್ಲ ಹೋಗಿ ಬೂದಿಯ ಗುಳ್ಳೆ ಮಾತ್ರ ಉಳಿಯುತ್ತದೆ. ಬೆಳಕು ಕೊಡುವುದು ಆ ಬೂದಿಯೇ. ಬೆರಳು ತಾಗಿತೋ, ಹೋಯಿತು. ದೀಪವನ್ನು ಚೂರು ಜೋರಾಗಿ ನೆಲಕ್ಕಿಟ್ಟರೂ ಹೋಯಿತು. ಹಾಗಾಗಿ ದೀಪದ ಕೆಲಸ ಮಾಡುವವನ ಕೈ ಹೇಗಿರಬೇಕು ಎಂದು ನೀವೇ ಯೋಚಿಸಿ.

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಗುರುವಾಯನಕೆರೆಯಲ್ಲಿ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಕೆಲಸ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕರೆಂಟು ಎಂಬುದು ಊರವರ ಬಾಯಿಗೆ ಬಂದಿತ್ತೇ ಹೊರತು ಮನೆಗಳಿಗೆ ಬಂದಿರಲಿಲ್ಲ. ಮದುವೆಯಾಗಲಿ, ದೈವದ ನೇಮೋತ್ಸವವಾಗಲಿ, ಯಕ್ಷಗಾನ ಆಟವಾಗಲಿ, ನಮ್ಮವರು ಹೋಗಿ ಪಂಪು ಹೊಡೆದು ದೀಪ ಏರಿಸಿದ ಮೇಲೆಯೇ ಶುರು. ದೀಪದವರೆಂದರೆ ಎಲ್ಲ ಕಡೆ ಮರ್ಯಾದೆ. ಆ ಮರ್ಯಾದೆಯೇ ನಮಗೆ ಮುಳುವಾಯಿತು ಎನ್ನಬೇಕು. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇತ್ತು. ಕುಡಿಯುವುದು ಅದರಿಂದ ನಿಂತಿರಲಿಲ್ಲ, ದನದ ಹಟ್ಟಿಯ ಹಿಂದಕ್ಕೆ ಹೋಗಿತ್ತು ಅಷ್ಟೆ. "ದೀಪದಣ್ಣ, ಸ್ವಲ್ಪ ಆಚೆ ಬರ್ತೀರಾ?" ಎಂದು ಕರೆಯುವುದು, ತೆಂಗಿನ ಗರಟೆಯಲ್ಲಿ ಹೊಯ್ದು ಕೊಡುವುದು. ಮೊದಮೊದಲು ಕಳ್ಳು. ಆಮೇಲೆ ಕಳ್ಳಭಟ್ಟಿಯ ಸಾರಾಯಿ.

ಕುಡಿದು ಬೈದವರಲ್ಲ, ಕೈ ಎತ್ತಿದವರಲ್ಲ. ಕುಡಿದರೆ ಅವರು ಇನ್ನಷ್ಟು ಮೆತ್ತಗಾಗುತ್ತಿದ್ದರು. ಅಡುಗೆಮನೆಯ ಬೆಕ್ಕಿಗೂ "ನೀವು ಊಟ ಮಾಡಿದಿರಾ?" ಎಂದು ಕೇಳುತ್ತಿದ್ದರು. ನನ್ನ ಅತ್ತೆ, "ಇವನ ಅಮಲಿನಲ್ಲಿರುವ ಮರ್ಯಾದೆ ನಮ್ಮ ಊರಿನ ಪಟೇಲರಿಗೂ ಇಲ್ಲ" ಎಂದು ನಗುತ್ತಿದ್ದರು. ನಗು ನಿಂತದ್ದು ಬೆಳಗ್ಗಿನ ನಡುಕ ಶುರುವಾದ ಮೇಲೆ. ಎದ್ದಾಗ ಕೈ ನಡುಗುತ್ತಿತ್ತು. ಒಂದು ಗುಟುಕು ಒಳಗೆ ಹೋಗುವವರೆಗೆ ಚಾದ ಲೋಟವನ್ನೂ ಹಿಡಿಯಲಾಗದು. ಮ್ಯಾಂಟಲ್ ಕಟ್ಟಿ ಸುಡುವಷ್ಟರಲ್ಲಿ ಒಡೆಯುತ್ತಿತ್ತು, ಇನ್ನೊಂದು ಕಟ್ಟುತ್ತಿದ್ದರು, ಅದೂ ಒಡೆಯುತ್ತಿತ್ತು. ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಚಪ್ಪರವೆಲ್ಲ ಕತ್ತಲಾಗಿ, ಮದುಮಗ ಹುಡುಗಿಯ ಕೈ ಬದಲು ಅವಳ ಚಿಕ್ಕಮ್ಮನ ಕೈ ಹಿಡಿದಿದ್ದನಂತೆ. ಊರಿಡೀ ನಕ್ಕಿತು. ನಮ್ಮವರು ಮಾತ್ರ ನಗಲಿಲ್ಲ.

ಆ ತಿಂಗಳ ಸಂಕ್ರಮಣದ ದಿನ ಅವರು ಯಾರೂ ಹೇಳದೆ ತಾವೇ ತಲೆಗೆ ಸ್ನಾನ ಮಾಡಿ, ಚಾವಡಿಯಲ್ಲಿ ಮನೆಯ ದೈವಕ್ಕೆ ಪೀಠವಾಗಿ ತೂಗಿದ ಉಯ್ಯಾಲೆಯ ಎದುರು ದೀಪ ಇಟ್ಟು, "ಇನ್ನು ಮುಟ್ಟುವುದಿಲ್ಲ" ಎಂದು ಆಣೆ ಹಾಕಿದರು. ಅತ್ತೆ ಕಣ್ಣೊರೆಸಿಕೊಂಡರು. ನಾನು ಕಡಲೆಬೇಳೆ ಪಾಯಸ ಮಾಡಿದೆ. ಅದೊಂದು ಹಬ್ಬದ ಹಾಗೆಯೇ ಆಯಿತು.

ಮರುದಿನ ಬೆವರು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅದರ ಮರುದಿನ ಬೆಳಿಗ್ಗೆ ಚಾವಡಿಯ ಕಂಬ ಹಿಡಿದು ನಿಂತವರು ಅಡಿಯಿಂದ ಮುಡಿಯವರೆಗೆ ನಡುಗತೊಡಗಿದರು. ಹಲ್ಲು ಕಟಕಟ, ಕಣ್ಣು ಎತ್ತಲೋ. ನಾನು ಓಡಿ ಬರುವಷ್ಟರಲ್ಲಿ ನಮ್ಮ ಮಾವ ಬಾವಿಕಟ್ಟೆಯಿಂದ ಒದ್ದೆ ಪಂಚೆಯಲ್ಲಿ ಬಂದರು. ಮಾವ ಎಂದರೆ ಅತ್ತೆಯ ಅಣ್ಣ, ನಮ್ಮವರ ಸೋದರಮಾವ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಮನೆ, ಯಜಮಾನಿಕೆ ಅವರದ್ದು. ಒಂದು ಕ್ಷಣ ನೋಡಿದರು, ಎರಡೂ ಕೈ ಜೋಡಿಸಿದರು.

"ಬಂತು! ಬಂತು ಮಾರಾಯ್ರೆ! ಹಿಂಗಾರ ತನ್ನಿ!"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ದೈವ ಮೈಮೇಲೆ ಬರುವವರನ್ನು ಪಾತ್ರಿ ಎನ್ನುತ್ತೇವೆ. ದರ್ಶನದ ಹೊತ್ತಿಗೆ ಅವರ ಕೈಗೆ ಹಿಂಗಾರ, ಅಂದರೆ ಅಡಿಕೆಯ ಹೂಗೊನೆ, ಕೊಡುತ್ತೇವೆ. ದೈವ ಬಂತೆಂದರೆ ಮೈ ನಡುಗುತ್ತದೆ, ಹಿಂಗಾರ ಬಿರಬಿರ ಎನ್ನುತ್ತದೆ, ಆಗ ಕೇಳಿದ್ದಕ್ಕೆ ಅಪ್ಪಣೆಯಾಗುತ್ತದೆ. ನಮ್ಮ ಮನೆಯ ಹಳೆಯ ಪಾತ್ರಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮಾವನಿಗೆ ಅದೊಂದೇ ಚಿಂತೆ. ಅಂಥವರ ಕಣ್ಣೆದುರು, ಸಂಕ್ರಮಣ ಕಳೆದು ಎರಡೇ ದಿನಕ್ಕೆ, ದೈವದ ಉಯ್ಯಾಲೆಯ ಮುಂದೆ ಸ್ವಂತ ಅಳಿಯ ಹೀಗೆ ನಡುಗಿದರೆ ಅವರು ಬೇರೆ ಏನು ತಿಳಿಯಬೇಕಿತ್ತು?

ಹಿಂಗಾರ ಬಂತು. ನಮ್ಮವರ ಕೈಗೆ ಸಿಕ್ಕಿದ್ದೇ ಹೂವೆಲ್ಲ ಉದುರುವಂತೆ ಅಲ್ಲಾಡಿತು.

"ಸ್ವಾಮೀ, ನಮ್ಮಿಂದ ಎಂತ ತಪ್ಪಾಗಿದೆ? ಅಪ್ಪಣೆ ಆಗಬೇಕು" ಎಂದು ಮಾವ ಬೇಡಿಕೊಂಡರು.

"ನೀ... ನೀರು" ಎಂದರು ನಮ್ಮವರು.

ಮಾವ ನಮ್ಮ ಕಡೆ ತಿರುಗಿದರು. "ಕೇಳಿದಿರಾ? ನೀರು! ಬಾವಿಯ ಹತ್ತಿರದ ನಾಗನಿಗೆ ತಂಬಿಲದ ಪೂಜೆ ಬಾಕಿ ಉಂಟು ಅಂತ ನಾನು ಎಷ್ಟು ಸಲ ಹೇಳಿದ್ದೆ!"

"ಅವರಿಗೆ ಬಾಯಾರಿಕೆ ಮಾವ" ಎಂದು ನಾನು ಒಂದು ಚೊಂಬು ನೀರು ತರಲು ಹೊರಟರೆ ಅವರು ತಡೆದರು. ದೈವಕ್ಕೆ ಚೊಂಬಿನ ನೀರು ಕೊಡುವುದುಂಟೇ? ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ನಮ್ಮವರು ಅರ್ಧ ಕುಡಿದು ಅಂಗಳದಲ್ಲಿ ವಾಂತಿ ಮಾಡಿಕೊಂಡರು. ಮಾವನಿಗೆ ಅದರಲ್ಲಿಯೂ ಅರ್ಥ ಹೊಳೆಯಿತು. ಪಾನನಿರೋಧ ಬಂದಂದಿನಿಂದ ನಮ್ಮ ದೈವಕ್ಕೆ ಕಳ್ಳಿನ ಬದಲು ಬೊಂಡ ಇಡುತ್ತಿದ್ದೆವು. "ಬೊಂಡ ಬೇಡವಂತೆ. ಕಾನೂನು ನಮಗೆ, ದೈವಕ್ಕೆ ಎಂತ ಕಾನೂನು?" ಎಂದರು. ಎಲ್ಲಿಂದ ಬಂತೋ, ಯಾರು ತಂದರೋ, ಒಂದು ಸೀಸೆ ಬಂತು. ಬೇರೆ ಯಾವ ಕೆಲಸಕ್ಕೂ ನಮ್ಮ ಊರಿನವರು ಅಷ್ಟು ಬೇಗ ಓಡಿದ್ದನ್ನು ನಾನು ನೋಡಿಲ್ಲ. ಕಂಚಿನ ಗಿಂಡಿಯಲ್ಲಿ ಹೊಯ್ದು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ನಡುಕ ಇಳಿಯಿತು, ಬೆವರು ಆರಿತು, ನಮ್ಮವರು ಗೋಡೆಗೊರಗಿ ಕಣ್ಣು ಮುಚ್ಚಿದರು.

"ಸಂತೋಷವಾಯಿತು ದೈವಕ್ಕೆ" ಎಂದು ಮಾವ ನಮ್ಮವರಿಗೆ ಅಡ್ಡಬಿದ್ದರು.

"ಹಾಗಾದರೆ ಇವನ ಆಣೆ?" ಎಂದು ಅತ್ತೆ ಕೇಳಿದರು.

"ಆಣೆಗೆ ಎಂತ ಆಗಿದೆ? ಕುಡಿದದ್ದು ಇವನಲ್ಲ, ದೈವ."

ಸಂಜೆ ನಾನು ಗಂಜಿ ಬಡಿಸುವಾಗ ನಮ್ಮವರು ಮೆಲ್ಲಗೆ ಹೇಳಿದರು, "ನನಗೆ ದೈವವೂ ಗೊತ್ತಿಲ್ಲ, ಎಂತದೂ ಗೊತ್ತಿಲ್ಲ. ಕೈ ನಿಲ್ಲುವುದಿಲ್ಲ, ಅಷ್ಟೇ ಗೊತ್ತು. ಮಾವನಿಗೆ ಹೇಗೆ ಹೇಳುವುದು? ಅವರು ನನಗೆ ಅಡ್ಡಬಿದ್ದಿದ್ದಾರೆ ಮಾರಾಯ್ತಿ!"

ಸುದ್ದಿ ಹಬ್ಬಿತು. ಬೆಳಗಾದರೆ ಅಂಗಳದಲ್ಲಿ ಜನ. ಒಬ್ಬರಿಗೆ ಕಳೆದ ಮೂಗುತಿ ಸಿಗಬೇಕು, ಒಬ್ಬರಿಗೆ ಮಗಳಿಗೆ ಗಂಡು ಸಿಗಬೇಕು. ಬೆಳಿಗ್ಗೆ ನಡುಕ ಹೇಗೂ ಇತ್ತು. ಮಾವ ಹಿಂಗಾರ ಕೊಡುವುದು, ಜನ ಕೇಳುವುದು, ಗಿಂಡಿ ಬರುವುದು. ಕುಡಿಯುವುದು ಬಿಡುತ್ತೇನೆಂದು ಹೊರಟವರಿಗೆ ಈಗ ಕುಡಿಸಲು ಊರೇ ಸಾಲು ನಿಂತಿತ್ತು.

ಬರುವ ನೇಮಕ್ಕೆ ಅವರನ್ನು ಪಾತ್ರಿಯಾಗಿ ಕೂರಿಸುವುದೆಂದು ಮಾವ ಮಾತಾಡತೊಡಗಿದಾಗ ನಮ್ಮವರಿಗೆ ಹೆದರಿಕೆಯಾಯಿತು. ದೈವದ ಹೆಸರಿನಲ್ಲಿ ಸುಳ್ಳು ನಡುಗುವುದೆಂದರೆ ಅವರಿಗೆ ಸಾವಿಗಿಂತ ಹೆದರಿಕೆ. ಯಾರಿಗೂ ಹೇಳದೆ ಮತ್ತೊಮ್ಮೆ ನಿಲ್ಲಿಸಿದರು. ಈ ಸಲ ನಡುಕದಲ್ಲಿ ಮುಗಿಯಲಿಲ್ಲ. ಹಟ್ಟಿಯಿಂದ ಬರುವಾಗ ಅಂಗಳದಲ್ಲಿ ಮರ ಬಿದ್ದ ಹಾಗೆ ಬಿದ್ದರು. ಮೈ ಸೆಟೆದು, ಕೈಕಾಲು ಬಡಿದು, ನಾಲಿಗೆ ಕಚ್ಚಿ ಬಾಯಲ್ಲಿ ರಕ್ತ. ಅತ್ತೆ ಅವರ ತಲೆಯನ್ನು ಮಡಿಲಿಗೆ ತೆಗೆದುಕೊಂಡು ಹೆಸರು ಹಿಡಿದು ಕೂಗುತ್ತಿದ್ದರೆ, ಸ್ವಂತ ತಾಯಿಯ ಗುರುತೂ ಅವರಿಗೆ ಹತ್ತಲಿಲ್ಲ. ಆ ಹೊತ್ತಿನಲ್ಲಿ ನನಗೊಂದು ಸ್ಪಷ್ಟವಾಯಿತು. ಇವರು ಕುಡಿದರೂ ಹೋಗುತ್ತಾರೆ, ಹೀಗೆ ತಾವಾಗಿ ನಿಲ್ಲಿಸಿದರೂ ಹೋಗುತ್ತಾರೆ. ನಡುವೆ ಒಂದು ದಾರಿ ಇರಬೇಕು, ಅದು ಯಾರಿಗೋ ಗೊತ್ತಿರಬೇಕು.

ಮಾವನೂ ಹೆದರಿದ್ದರು. "ಬೆಳ್ತಂಗಡಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗ್ತೇನೆ" ಎಂದರು. ಹೋದರು. ಅಲ್ಲಿ ಜಗಲಿಯ ಬೆಂಚಿನ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಪೊಲೀಸ್ ಕೂತಿದ್ದನಂತೆ. ಅವನು ತನ್ನ ಕಾಲುನೋವಿಗೆ ಬಂದವ. ಮಾವನ ಕಣ್ಣಿಗೆ ಅವನು ಇವರನ್ನೇ ಕಾಯುತ್ತಿದ್ದ ಹಾಗೆ ಕಂಡ. ಕುಡಿತದ ಮಾತೆತ್ತಿದರೆ ಇಲ್ಲಿಂದಲೇ ಠಾಣೆಗೆ ಎಂದುಕೊಂಡು, ಡಾಕ್ಟರು ಕೇಳಿದಾಗ "ಚಳಿಜ್ವರ" ಎಂದುಬಿಟ್ಟರು. ನಡುಕ ಕಣ್ಣೆದುರೇ ಇತ್ತಲ್ಲ. ಹೇಳಿದ ಕಾಯಿಲೆಗೆ ಅವರು ಮದ್ದು ಕೊಟ್ಟರು, ಅವರ ತಪ್ಪೇನಿಲ್ಲ. ಆ ಕಹಿ ಮದ್ದು ಬಹುಕಾಲ ನಮ್ಮ ಮಾಡಿನ ಸಂದಿಯಲ್ಲಿ ಇತ್ತು.

ಬಂಟ್ವಾಳದಲ್ಲಿ ಒಬ್ಬ ಕುಡಿತ ಬಿಡಿಸುವ ಮದ್ದು ಕೊಡುತ್ತಾನೆ ಎಂದು ಮ್ಯಾಂಟಲ್ ಮಾರುವ ಅಂಗಡಿಯವರು ಹೇಳಿದರು. ನಮ್ಮವರು ಅದನ್ನೂ ಕೇಳಿ ಬಂದರು. ಯಾವುದೋ ಮಾಳಿಗೆಯ ಕೋಣೆ. ಬಾಟಲಿಯಲ್ಲಿ ಎಂತ ಉಂಟು ಎಂದರೆ ಹೇಳುವುದಿಲ್ಲ, ದುಡ್ಡು ಮಾತ್ರ ಮೊದಲೇ ಇಡಬೇಕು. ನಮ್ಮ ದೀಪಗಳನ್ನೆಲ್ಲ ಮಾರಿದರೂ ಸಾಲದಷ್ಟು. ಬಂದು ಜಗಲಿಯಲ್ಲಿ ಕೂತು, "ಆ ಬೆಲೆ ಕೇಳಿದ ಮೇಲೆ ಯಾರಾದರೂ ಒಂದು ಗುಟುಕು ಹಾಕದೆ ಮನೆಗೆ ಬರ್ಲಿಕ್ಕೆ ಉಂಟಾ?" ಎಂದರು. ಹಾಕಿಯೇ ಬಂದಿದ್ದರು.

ದಾರಿ ಸಿಕ್ಕಿದ್ದು ನನ್ನ ಹೆಬ್ಬೆರಳಿನಿಂದ. ಶಿರ್ತಾಡಿಯ ತವರಿಗೆ ಹೋಗಿದ್ದಾಗ ಮೀನಿನ ಮುಳ್ಳು ಚುಚ್ಚಿ ಉಗುರುಸುತ್ತು ಆಯಿತು. ಅಮ್ಮ ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸಿದರು. ನೋವು ಮೊಣಕೈಗೆ ಏರಿದ ಮೇಲೆ ಮೂಡುಬಿದಿರೆಗೆ ಹೋಗದೆ ಗತಿಯಿರಲಿಲ್ಲ. ಅಲ್ಲಿ ಪೇಟೆಯಿಂದ ಸ್ವಲ್ಪ ಒಳಗೆ, ಓಣಿಯಲ್ಲಿ ಒಬ್ಬ ಡಾಕ್ಟ್ರು. ಮನೆಯ ಮುಂದಿನ ಜಗಲಿಯೇ ದವಾಖಾನೆ, ಹಿಂದಿನ ಉದ್ದ ಕೋಣೆಯಲ್ಲಿ ನಾಲ್ಕು ಮಂಚ. ಬಡವರ ಡಾಕ್ಟ್ರು ಎಂದು ಹೆಸರು.

ಅವರು ನನ್ನ ಬೆರಳಿನ ಲಿಂಬೆಹಣ್ಣನ್ನು ತೆಗೆದು ಬೆಳಕಿಗೆ ಹಿಡಿದರು. "ಒಳ್ಳೆ ಹಣ್ಣು ಮಾರಾಯ್ತಿ. ಶರಬತ್ತು ಮಾಡಿದ್ದರೆ ಯಾರಿಗಾದರೂ ಉಪಕಾರ ಆಗ್ತಿತ್ತು." ಕೀವು ತೆಗೆಯುವಾಗ ನಾನು ಅಳಲಿಲ್ಲ. ಪಟ್ಟಿ ಕಟ್ಟುತ್ತಾ, "ಬೇರೆ ಎಂತಾದರೂ ಉಂಟಾ?" ಎಂದು ಕೇಳಿದರು. ಎಲ್ಲರಿಗೂ ಕೇಳುವ ಮಾತು ಅದು. ನಾನು ಮಾತ್ರ ಬಾಗಿಲ ಬಳಿ ನಿಂತೇ ಇದ್ದೆ.

"ನಮ್ಮ ಮನೆಯಲ್ಲಿ ಒಬ್ಬರಿಗೆ ನಡುಕ ಡಾಕ್ಟ್ರೆ. ಅದು ದೈವ ಅಂತ ಹೇಳ್ತಾರೆ."

"ಬರಲಿ. ದೈವಕ್ಕೆ ನನ್ನದೂ ಒಂದು ನಮಸ್ಕಾರ ಉಂಟು. ಯಾವಾಗ ಬರ್ತದೆ?"

"ದಿನಾ ಬೆಳಿಗ್ಗೆ."

"ದಿನಾ? ಹೋಗುವುದು ಯಾವಾಗ?"

"ಗಿಂಡಿಯಲ್ಲಿ ಕೊಟ್ಟದ್ದು ಕುಡಿದ ಮೇಲೆ."

ಅವರು ಕತ್ತರಿಯನ್ನು ಕೆಳಗಿಟ್ಟರು. "ಗಿಂಡಿಯಲ್ಲಿ ಬೊಂಡ ಅಲ್ಲ ಅಲ್ವಾ?" ಎಂದು ಕೇಳಿ, ನನ್ನ ಮುಖ ನೋಡಿ, ನನಗೊಂದು ಸ್ಟೂಲು ಕೊಟ್ಟರು. ಬಿದ್ದದ್ದನ್ನು, ನಾಲಿಗೆ ಕಚ್ಚಿದ್ದನ್ನು ಹೇಳುವಾಗ ಅವರ ಮುಖದ ನಗು ಹೋಯಿತು.

"ಕೇಳಿ ಅಕ್ಕ. ಅಷ್ಟು ಅಭ್ಯಾಸ ಆದವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ಮನೆಯಲ್ಲಿ ಕೂಡಿಹಾಕಿ ನಿಲ್ಲಿಸುವುದೂ ಬೇಡ. ಪ್ರಾಣಕ್ಕೇ ಅಪಾಯ ಉಂಟು. ಇಲ್ಲಿ ಮಲಗಿಸಿ, ನಿದ್ದೆಯ ಮದ್ದು ಕೊಟ್ಟು, ದಿನದಿಂದ ದಿನಕ್ಕೆ ಅದನ್ನು ಇಳಿಸಿಕೊಂಡು ಬರಬೇಕು. ನೋಡುವವರು ಹತ್ತಿರವೇ ಇರಬೇಕು. ಕರೆದುಕೊಂಡು ಬರುವವರೆಗೆ ನಿಲ್ಲಿಸಲು ಹೇಳಬೇಡಿ."

"ಅಂದರೆ ಕುಡಿಸಿಕೊಂಡೇ ಕರೆದುಕೊಂಡು ಬರಬೇಕಾ?"

"ಆ ಬೆಳಿಗ್ಗೆ ಸ್ವಲ್ಪ. ನಡುಕ ತಡೆಯುವಷ್ಟು."

"ಪೊಲೀಸರಿಗೆ..."

"ಇಲ್ಲಿಗೆ ಬಂದವರು ನನಗೆ ಕಾಯಿಲೆಯವರು. ಪೊಲೀಸರಿಗೆ ಬೇರೆ ಬೇಕಾದಷ್ಟು ಕೆಲಸ ಉಂಟು."

ಖರ್ಚಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರೇ ಹೇಳಿದರು, ಹಿಂದೆ ಒಲೆ ಉಂಟು, ಅಕ್ಕಿ ತಂದು ಗಂಜಿ ನೀವೇ ಬೇಯಿಸಿಕೊಳ್ಳಿ, ಮಂಚಕ್ಕೆ ಬಾಡಿಗೆ ಬೇಡ, ಇಂಜೆಕ್ಷನಿನದ್ದು ಮಾತ್ರ ಕೊಡಬೇಕಾಗ್ತದೆ, ಅದೂ ಆದಾಗ. "ಗಂಡ ಎಂತ ಕೆಲಸ ಮಾಡುವುದು?" ಎಂದರು. ಹೇಳಿದೆ. ಅವರು ಮೂಲೆಯಲ್ಲಿದ್ದ ತಮ್ಮ ಗ್ಯಾಸ್‌ಲೈಟಿನ ಕಡೆ ನೋಡಿದರು. ಅದರ ಗಾಜೆಲ್ಲ ಮಸಿ. "ಕರೆಂಟು ಪೇಟೆಯವರೆಗೆ ಬಂದಿದೆ, ಈ ಓಣಿಗೆ ದಾರಿ ಸಿಗಲಿಲ್ಲ. ಹೆರಿಗೆಯ ಹೊತ್ತಿಗೇ ಈ ಶನಿ ಕೆಮ್ಮಿ ಕೆಮ್ಮಿ ಆರಿ ಹೋಗ್ತದೆ. ಅವರನ್ನು ಬೇಗ ತನ್ನಿ."

ಮನೆಗೆ ಬಂದು ಹೇಳಿದಾಗ ಮಾವ ಉಯ್ಯಾಲೆಯ ಕಡೆ ಕೈ ತೋರಿಸಿದರು. "ದೈವವನ್ನು ಆಸ್ಪತ್ರೆಗೆ ಸೇರಿಸ್ತೀರಾ? ನಾಳೆ ಊರವರು ಎಂತ ಹೇಳಿಯಾರು?"

ಆಗ ಮಾತಾಡಿದ್ದು ಅತ್ತೆ. ಅಣ್ಣನ ಎದುರು ಅವರು ನಿಂತು ಮಾತಾಡುವವರೇ ಅಲ್ಲ. ಅವತ್ತೂ ನಿಲ್ಲಲಿಲ್ಲ. ಕೂತು ಬಸಳೆ ಹೆಚ್ಚುತ್ತಾ ಹೇಳಿದರು.

"ಅಣ್ಣಾ, ನಿಜವಾದ ದೈವ ಆದರೆ ಡಾಕ್ಟ್ರ ಮದ್ದಿಗೆ ಹೋಗ್ತದಾ?"

"ಅದು ಹೇಗೆ ಹೋಗ್ತದೆ?"

"ಹಾಗಾದರೆ ಮದ್ದು ಮಾಡಿಸಿದರೆ ನಿಮಗೆ ನಷ್ಟ ಎಂತದು? ಹೋಗದಿದ್ದರೆ ದೈವ. ಹೋದರೆ ಕಾಯಿಲೆ. ಬಂದ ಮೇಲೆ ನೀವೇ ಹಿಂಗಾರ ಕೊಟ್ಟು ನೋಡಿ."

ಮಾವ ಎಷ್ಟೋ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ, "ಕೊಟ್ಟು ನೋಡಿಯೇ ನೋಡ್ತೇನೆ" ಎಂದು ಎದ್ದು ಹೋದರು. ಒಪ್ಪಿಗೆ ಎಂದರೆ ಅಷ್ಟೆ.

ಹೊರಡುವ ಬೆಳಿಗ್ಗೆ ಅತ್ತೆ ತಮ್ಮ ಕೈಯಿಂದಲೇ ಮಗನಿಗೆ ಚೂರು ಹೊಯ್ದು ಕೊಟ್ಟರು. ಅದನ್ನು ಕೊಡುವಾಗಿನ ಅವರ ಮುಖ ಹರಳೆಣ್ಣೆ ಕುಡಿದವರ ಹಾಗೆ ಇತ್ತು. ವಾಸನೆ ತಿಳಿಯಬಾರದೆಂದು ಹೊಗೆಸೊಪ್ಪು ಹಾಕಿದ ಎಲೆಯಡಿಕೆಯ ಒಂದು ಕವಳವನ್ನು ಬಾಯಿಗೆ ತುರುಕಿದರು. ನಾವು ಮೂವರೂ ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದೆವು. ನನ್ನ ಕಾಲಡಿಯಲ್ಲಿ ಕುಚ್ಚಲಕ್ಕಿಯ ಗಂಟು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಭರಣಿ.

ವೇಣೂರು ದಾಟುವಷ್ಟರಲ್ಲಿ ಟಯರು ಹೋಯಿತು. ಅದನ್ನು ಬದಲಿಸುವ ಹೊತ್ತು ಬೆಳೆಯುತ್ತಾ ಹೋಯಿತು. ಬಸ್ಸು ಮತ್ತೆ ಹೊರಡುವಾಗ ಒಬ್ಬ ಪೊಲೀಸ್ ಹತ್ತಿದ. ಅವನು ಕೂತವರನ್ನೆಲ್ಲ ನೋಡುತ್ತಾ, ಮೂಗು ಸ್ವಲ್ಪ ಮೇಲೆತ್ತಿ, "ಎಂತದೋ ವಾಸನೆ ಬರ್ತದಲ್ಲ?" ಎಂದ. ಅದೇ ಗಳಿಗೆಗೆ ನಮ್ಮವರ ಕೈ ಶುರುವಾಯಿತು. ಮೊದಲು ಬೆರಳು, ಆಮೇಲೆ ಮುಂಗೈ. ಅವರು ಕೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡರು. ಆಗ ತೊಡೆಯೂ ನಡುಗಿತು.

ಎದುರಿನ ಸೀಟಿನ ಒಬ್ಬ ಹೆಂಗಸು ಅವರನ್ನೇ ನೋಡುತ್ತಿದ್ದವರು ತಟ್ಟನೆ ಎದ್ದು ನಿಂತರು. "ಇವರು ಗುರುವಾಯನಕೆರೆಯ ದೀಪದವರಲ್ವಾ? ದರ್ಶನ ಬರುವವರು?" ಎಂದು ಕೈ ಮುಗಿದರು. "ಸ್ವಾಮೀ, ನಮ್ಮ ಕಪ್ಪು ದನ ಮನೆಗೆ ಬರಲಿಲ್ಲ. ಒಂದು ಮಾತು ಹೇಳಬೇಕು."

ನಮ್ಮವರು ನನ್ನ ಮುಖ ನೋಡಿದರು, ನಾನು ಭರಣಿಯನ್ನು ನೋಡಿದೆ. ಕೊನೆಗೆ ಹಲ್ಲು ಕಟಕಟಿಸುತ್ತಾ, "ಹು... ಹುಡುಕಿ" ಎಂದರು.

"ಹುಡುಕಬೇಕಂತೆ!" ಎಂದು ಆಕೆ ಎಲ್ಲರಿಗೂ ಹೇಳಿದರು.

ಪೊಲೀಸ್ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಹತ್ತಿರ ಬಂದ. ಬಂತು ನಮ್ಮ ಗ್ರಹಚಾರ ಎಂದುಕೊಂಡೆ. ಅವನು ಬಗ್ಗಿ ಮೆಲ್ಲಗೆ ಕೇಳಿದ, "ನನ್ನದೊಂದು ವರ್ಗದ ವಿಷಯ ಉಂಟು ಸ್ವಾಮಿ. ಊರಿನ ಹತ್ತಿರಕ್ಕೆ ಆಗ್ತದಾ?"

ನಮ್ಮವರು ಬಾಯಿ ಬಿಟ್ಟಿದ್ದರೆ ವಾಸನೆ ಅವನ ಮುಖಕ್ಕೇ. ಬಾಯಿ ಬಿಗಿದುಕೊಂಡು ತಲೆ ಅಲ್ಲಾಡಿಸಿದರು. ಆ ನಡುಕದಲ್ಲಿ ಅದು ಹೌದೋ ಅಲ್ಲವೋ ಎಂದು ದೇವರಿಗೇ ಗೊತ್ತು. ಅವನಿಗೆ ಬೇಕಾದ ಹಾಗೆ ಕಂಡಿರಬೇಕು. ಮೂಡುಬಿದಿರೆಯಲ್ಲಿ ನಮ್ಮ ಅಕ್ಕಿಯ ಗಂಟನ್ನು ಅವನೇ ಇಳಿಸಿಕೊಟ್ಟ. ಅತ್ತೆ ಓಣಿ ತಿರುಗುವವರೆಗೆ ತಡೆದುಕೊಂಡು, ಆಮೇಲೆ ಗೋಡೆ ಹಿಡಿದು ನಕ್ಕರು. ನಡುಗುತ್ತಿದ್ದ ನಮ್ಮವರೂ ನಕ್ಕರು. "ಇದೇ ಕೊನೆಯ ದರ್ಶನ" ಎಂದರು.

ಡಾಕ್ಟ್ರು ಅವರ ನಾಡಿ ಹಿಡಿದರು, ಕಣ್ಣು ನೋಡಿದರು, ಎಷ್ಟು, ಯಾವಾಗಿನಿಂದ, ಎಂತೆಂತದು ಎಂದೆಲ್ಲ ಸಿಟ್ಟಿಲ್ಲದೆ ಕೇಳಿದರು. "ದೀಪಕ್ಕೆ ಹಾಕುವ ಸ್ಪಿರಿಟ್ ಮುಟ್ಟುವುದುಂಟಾ?" ಎಂದಾಗ ಮಾತ್ರ ನಮ್ಮವರಿಗೆ ಅವಮಾನವಾಯಿತು. "ಅದು ದೀಪದ ಪಾಲು ಡಾಕ್ಟ್ರೆ. ಅದನ್ನು ನಾನು ಹೇಗೆ ಮುಟ್ಟುವುದು?"

"ಬದುಕಿದಿರಿ. ನಿಮ್ಮ ದೀಪವೇ ನಿಮ್ಮನ್ನು ಕಾದದ್ದು" ಎಂದರು ಡಾಕ್ಟ್ರು.

ಅಲ್ಲಿ ಕೊಟ್ಟ ಮದ್ದಿನ ಹೆಸರು ನನಗೆ ತಿಳಿಯದು. ಅದರ ವಾಸನೆ ಇವತ್ತಿಗೂ ತಿಳಿಯುತ್ತದೆ. ಕೊಳೆತ ಹಣ್ಣಿಗೆ ಪೈಂಟು ಬೆರೆಸಿದ ಹಾಗೆ. ಕುಡಿದವರ ಉಸಿರಿನಲ್ಲಿ, ಬೆವರಿನಲ್ಲಿ, ಹೊದಿಕೆಯಲ್ಲಿ ಎಲ್ಲಾ ಅದೇ. ಪಕ್ಕದ ಮಂಚದಲ್ಲಿ ಹೊಟ್ಟೆನೋವಿಗೆ ಮಲಗಿದ್ದ ಮುದುಕರೊಬ್ಬರು, "ಇವರಿಗಿಂತ ಕುಡಿದವರ ಬದಿಯಲ್ಲಿ ಮಲಗಬಹುದಿತ್ತು" ಎಂದು ಮಂಚವನ್ನು ಕಿಟಕಿಯ ಬಳಿಗೆ ಎಳೆಸಿಕೊಂಡರು. ಅತ್ತೆ ಮೂಗಿಗೆ ಸೆರಗು ಹಿಡಿದು, "ಮಗಾ, ಇಷ್ಟು ವರ್ಷ ನೀನು ಕುಡಿದು ಬಂದರೂ ಮನೆಗೆ ಈ ವಾಸನೆ ತರಲಿಲ್ಲ" ಎಂದರು.

ಮೊದಲ ದಿನಗಳು ಸುಲಭವಿರಲಿಲ್ಲ. ಒಂದು ಸಂಜೆ ಗೋಡೆಯ ಮೇಲೆ ಕಂಬಳದ ಕೋಣಗಳು ಓಡುತ್ತಿವೆ ಎಂದು ಎದ್ದು ಕೂತರು. ನಾನು ಹೆದರಿ ಡಾಕ್ಟ್ರನ್ನು ಕೂಗಿದೆ. ಅವರು ಬರುವಷ್ಟರಲ್ಲಿ ಕಂಪೌಂಡರು ಮಂಚದ ಅಂಚಿನಲ್ಲಿ ಕೂತು, ಮೆಲ್ಲಗೆ ಬೆನ್ನು ಸವರುತ್ತಾ, "ಅದು ದೀಪದ ನೆರಳು ಅಣ್ಣ, ನಾನು ಇಲ್ಲೇ ಇದ್ದೇನೆ" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಡಾಕ್ಟ್ರು ಇಂಜೆಕ್ಷನ್ ಕೊಟ್ಟು, ಅವರು ಮಲಗುವವರೆಗೆ ನಾಡಿ ಹಿಡಿದೇ ಕೂತರು. ನನ್ನ ಕಡೆ ತಿರುಗಿ, "ಇದು ಬರಬಹುದು ಅಂತ ಗೊತ್ತಿತ್ತು. ಮನೆಯಲ್ಲಿ ಬಂದಿದ್ದರೆ ಯಾರು ಇದ್ದರು?" ಎಂದರು. ನಮ್ಮವರು ಅಂಗಳದಲ್ಲಿ ಬಿದ್ದದ್ದು ನನಗೆ ನೆನಪಾಯಿತು. ಆಮೇಲೆ ಅವರು ಬೀಳಲಿಲ್ಲ. ಒಮ್ಮೆಯೂ ಬೀಳಲಿಲ್ಲ.

ಹಿಂದಿನ ಒಲೆಯಲ್ಲಿ ನಾನು ಗಂಜಿ ಬೇಯಿಸುತ್ತಿದ್ದೆ. ಮೊದಲು ತಿಳಿ ಮಾತ್ರ, ಚಮಚೆಯಲ್ಲಿ ಕುಡಿಸುವುದು. ಆಮೇಲೆ ಅಗುಳು. ಒಂದು ಬೆಳಿಗ್ಗೆ ಅವರೇ, "ಆ ಮಾವಿನಕಾಯಿ ಎಲ್ಲಿಟ್ಟಿದ್ದೀ?" ಎಂದು ಕೇಳಿದರು. ಅತ್ತೆ ನನ್ನನ್ನು ನೋಡಿದರು. ಬಾಯಿಗೆ ರುಚಿ ಬಂತೆಂದರೆ ಮನುಷ್ಯ ವಾಪಸ್ಸು ಬಂದ ಹಾಗೆ. ಮದ್ದು ದಿನಾ ಕಡಿಮೆಯಾಗುತ್ತಿತ್ತು, ವಾಸನೆಯೂ ಇಳಿಯುತ್ತಿತ್ತು. ಮುದುಕರ ಮಂಚ ಸ್ವಲ್ಪ ಸ್ವಲ್ಪವೇ ಹಳೆಯ ಜಾಗಕ್ಕೆ ಬಂತು.

ಒಂದು ಸಂಜೆ ಡಾಕ್ಟ್ರು ಗ್ಯಾಸ್‌ಲೈಟನ್ನು ತಂದು ಮಂಚದ ಬದಿಗೆ ಇಟ್ಟರು. "ನೋಡುವ ನಿಮ್ಮ ವಿದ್ಯೆ." ನಮ್ಮವರು ಎಣ್ಣೆ ತೆಗೆದು ಸೋಸಿದರು, ಪಿನ್ನು ಹಾಕಿ ತೂತು ಬಿಡಿಸಿದರು, ಗಾಜನ್ನು ಬೂದಿಯಲ್ಲಿ ಉಜ್ಜಿದರು. ಮ್ಯಾಂಟಲ್ ಕಟ್ಟಿ ಸುಟ್ಟು ಗಾಜು ಕೂರಿಸುವ ಹೊತ್ತಿಗೆ ಕೈ ಸಣ್ಣಗೆ ನಡುಗಿತು. ಒಂದು ಒಡೆಯಿತು. ಡಾಕ್ಟ್ರು ಇನ್ನೊಂದು ಕೊಟ್ಟರು. "ನಾಳೆ ಮಾಡಿ. ಅವಸರ ಎಂತ?" ಮರುದಿನ ಅದು ಕೂತಿತು. ಹುಸ್ಸೆಂದು ಬೆಳಕು ಏರುವಾಗ ಮುದುಕರು ಕಣ್ಣಿಗೆ ಕೈ ಅಡ್ಡ ಹಿಡಿದು, "ಮೊದಲು ವಾಸನೆ, ಈಗ ಬೆಳಕು. ಇವರ ದೆಸೆಯಿಂದ ನನಗೆ ನಿದ್ದೆ ಇಲ್ಲ" ಎಂದರು.

ಹೊರಡುವಾಗ ಡಾಕ್ಟ್ರು ನಮ್ಮವರನ್ನು ಕೂರಿಸಿ ಹೇಳಿದರು. "ನನ್ನ ಮದ್ದು ನಡುಕಕ್ಕೆ. ಆಸೆಗೆ ನನ್ನ ಹತ್ತಿರ ಮದ್ದಿಲ್ಲ. ಆಸೆ ಬರ್ತದೆ. ಬಂದಾಗ ಒಬ್ಬನೇ ಕೂರಬೇಡಿ. ತಪ್ಪಿ ಕುಡಿದರೂ ನಾಚಿ ಅಡಗಬೇಡಿ, ಇಲ್ಲಿಗೆ ಬನ್ನಿ. ತಿಂಗಳಿಗೊಮ್ಮೆ ಈ ಶನಿಯನ್ನು ತೊಳೆದು ಕೊಡ್ಲಿಕ್ಕೆ ಹೇಗೂ ಬರಬೇಕು."

ನಾವು ಮನೆ ಮುಟ್ಟುವಾಗ ಮಾವ ಸ್ನಾನ ಮಾಡಿ ಮಡಿಯುಟ್ಟು ಕಾಯುತ್ತಿದ್ದರು. ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಅವರು ಕ್ಷೇಮ ಕೇಳಲಿಲ್ಲ. ನೆರೆಕರೆಯವರು ಕೆಲವರು ಅಂಗಳದಲ್ಲಿ ಬಂದು ನಿಂತಿದ್ದರು. ಕಾಲು ತೊಳೆದು ಒಳಗೆ ಬಂದ ನಮ್ಮವರನ್ನು ಮಾವ ಉಯ್ಯಾಲೆಯ ಎದುರು ನಿಲ್ಲಿಸಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟ್ರು ಎಷ್ಟು ಧೈರ್ಯ ಹೇಳಿದ್ದರೂ, ಬಸ್ಸಿನಲ್ಲಿ ಬಂದು ಸುಸ್ತಾದ ಶರೀರ, ಎದುರಿಗೆ ಅಷ್ಟು ಜನ. ಈ ಹೊತ್ತಿನಲ್ಲಿ ಒಂದು ಸಣ್ಣ ನಡುಕ ಬಂದರೂ ಮಾವ ಗಿಂಡಿ ತರಿಸಿಯಾರು. ಒಂದು ಗಿಂಡಿ ಬಂದರೆ ನಾವು ಮೂಡುಬಿದಿರೆಗೆ ಹೋದದ್ದೆಲ್ಲ ನೀರಿಗೆ. ಅತ್ತೆ ನನ್ನ ಕೈ ಹಿಡಿದಿದ್ದರು, ಪಟ್ಟಿ ಬಿಚ್ಚಿದ ಹೆಬ್ಬೆರಳನ್ನೇ ಒತ್ತಿ ಹಿಡಿದಿದ್ದರು.

ಮಾವ ಹಿಂಗಾರವನ್ನು ತಟ್ಟೆಯಿಂದ ಎತ್ತಿದರು. ಅದು ಬಿರಬಿರ ಎಂದಿತು. ಅಂಗಳದಲ್ಲಿ ಒಬ್ಬರು ಆಗಲೇ ಕೈ ಮುಗಿದರು. ಹೂವು ಉದುರುತ್ತಾ ಹಿಂಗಾರ ನಮ್ಮವರ ಕೈಗೆ ಬಂತು. ಬಂದದ್ದೇ ನಿಂತಿತು.

ಎಲ್ಲರೂ ಕಾದರು. ಅವರು ಸುಟ್ಟ ಮ್ಯಾಂಟಲಿನ ದೀಪ ಹಿಡಿದ ಹಾಗೆ ಹಿಡಿದಿದ್ದರು, ಉಸಿರು ತಾಗದ ಹಾಗೆ. ಒಂದು ಹೂವೂ ಅಲ್ಲಾಡಲಿಲ್ಲ. ಅಷ್ಟು ಹೊತ್ತೂ ನಡುಗಿದ್ದು ಹಿಂಗಾರ ಕೊಟ್ಟ ಕೈ ಎಂದು ನಮಗೆ ಗೊತ್ತಾದದ್ದು ಆಗ. ಮಾವನಿಗೆ ವಯಸ್ಸಾಗಿತ್ತು. ಅವರ ಕೈ ಖಾಲಿಯಾದ ಮೇಲೂ ಗಾಳಿಯಲ್ಲಿ ಸಣ್ಣಗೆ ನಡುಗುತ್ತಿತ್ತು.

ಮಾವ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಅಳಿಯನ ಕೈಯನ್ನು ಒಮ್ಮೆ ನೋಡಿದರು. ಹಿಂಗಾರವನ್ನು ವಾಪಸ್ಸು ತೆಗೆದುಕೊಂಡು ಉಯ್ಯಾಲೆಯ ಮೇಲೆ ಇಟ್ಟು ಕೈ ಮುಗಿದರು. ಅಂಗಳದವರಿಗೆ, "ದೈವಕ್ಕೆ ಬರುವಾಗ ಬರ್ತದೆ. ಇದು ಅದಲ್ಲ. ನೀವೆಲ್ಲ ಚಾ ಕುಡಿದು ಹೋಗಿ" ಎಂದರು. ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ಅತ್ತರೋ ನಕ್ಕರೋ, ಅತ್ತೆಯ ಭುಜ ಅಲ್ಲಾಡಿತು.

ನಾನು ಚಾ ತಂದಾಗ ಮಾವ ನಮ್ಮವರ ಪಕ್ಕ ಜಗಲಿಯಲ್ಲಿ ಕೂತಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದರು.

"ಆ ಡಾಕ್ಟ್ರು ಮುದುಕರ ನಡುಕಕ್ಕೂ ಮದ್ದು ಕೊಡ್ತಾರಾ?"

"ಕೇಳಿ ನೋಡುವ ಮಾವ" ಎಂದರು ನಮ್ಮವರು. "ಆದರೆ ಈಗಲೇ ಹೇಳ್ತೇನೆ, ಭಾರೀ ವಾಸನೆ."